ಅಜ್ಜಿ ನೆಟ್ಟ ಬೇವಿಗೆ ಎಷ್ಟು ವರ್ಷ? ಮರ ಕಡಿಯದೆ ವಯಸ್ಸು ಹೇಳೋ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಪೂರ್ತಿ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಟ್ರೇನಲ್ಲಿದ್ರೆ ಕಿಟಕಿ ಕಡೆ ಒಂದ್ಸಲ ನೋಡಿ. ಯಾವುದಾದ್ರೂ ಒಂದು ದೊಡ್ಡ ಮರ ಕಾಣುತ್ತೆ. ಅದಕ್ಕೆ ಎಷ್ಟು ವರ್ಷ ಆಗಿರಬಹುದು? ಒಂದು ನಂಬರ್ ಮನಸ್ಸಲ್ಲಿ ಇಟ್ಕೊಳ್ಳಿ. ಸಂಚಿಕೆ ಮುಗಿಯೋ ಹೊತ್ತಿಗೆ ಆ ನಂಬರ್ ಮೇಲೆ ನಿಮಗೇ ಅನುಮಾನ ಬರುತ್ತೆ. ಬಂದ್ರೆ ಒಳ್ಳೇದು.

ಈ ವಿಷಯ ನಾನು ಹುಡುಕ್ಕೊಂಡು ಹೋದದ್ದಲ್ಲ, ಅದೇ ನಮ್ಮ ಮನೆ ಬಾಗಿಲಿಗೆ ಬಂತು.

ನಾನಿರೋದು ಬಂಗಾರಪೇಟೆಯಲ್ಲಿ. ಅಜ್ಜಿ ಇರೋದು ಕೆಜಿಎಫ್‌ನ ಒಂದು ಲೈನ್ ಮನೆಯಲ್ಲಿ. ತಾತ ಮೈನ್‌ನಲ್ಲಿ ಕೆಲಸಕ್ಕಿದ್ದವರು. ತಾತ ಹೋದ್ರು, ಮೈನ್ ಮುಚ್ಚಿತು, ಅಜ್ಜಿ ಮಾತ್ರ ಆ ಮನೆ ಬಿಟ್ಟು ಬರಲ್ಲ. ಯಾಕಜ್ಜಿ ಅಂದ್ರೆ ಬಾಗಿಲ ಮುಂದಿನ ಬೇವಿನ ಮರ ತೋರಿಸ್ತಾಳೆ. "ಅದನ್ನ ಯಾರು ನೋಡ್ಕೋತಾರೆ?" ಅಂತಾಳೆ.

ಈ ವರ್ಷ, ಅಂದ್ರೆ 2025ರಲ್ಲಿ, ರಸ್ತೆ ಅಗಲ ಮಾಡೋ ಮಾತು ಬಂತು. ಒಂದಿನ ಯಾರೋ ಬಂದು ಮರಗಳಿಗೆಲ್ಲಾ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋದ್ರು. ಆಮೇಲೆ ಒಂದು ಪಟ್ಟಿ ನೋಡೋಕೆ ಸಿಕ್ತು. ಮರದ ಜಾತಿ, ಸುತ್ತಳತೆ, ಅಂದಾಜು ವಯಸ್ಸು ಅಂತ ಕಾಲಂಗಳು. ನಮ್ಮ ಬೇವಿನ ಮುಂದೆ ವಯಸ್ಸು: 30 ವರ್ಷ. ಅದರ ಹಿಂದಿನ ಮರಕ್ಕೂ 30, ಮುಂದಿನದಕ್ಕೂ 30. ಇಡೀ ಕಾಲಂ 30, 30, 30.

ಓದಿ ಹೇಳಿದ್ದಕ್ಕೆ ಅಜ್ಜಿ ನಕ್ಕಳು. "ಮೂವತ್ತಾ? ನಿಮ್ಮಪ್ಪನಿಗಿಂತ ದೊಡ್ಡದು ಕಣಮ್ಮ ಅದು" ಅಂದಳು.

ಸರಿ, ಹಾಗಾದ್ರೆ ಎಷ್ಟು? ಅಜ್ಜಿ ಮಾತು ಒಂದು ಕಡೆ, ಪಟ್ಟಿ ಇನ್ನೊಂದು ಕಡೆ. ನಾನು ಬಿ.ಕಾಂ. ಓದಿದವಳು, ಗಿಡಮರದ ವಿಜ್ಞಾನ ನನ್ನ ಸಬ್ಜೆಕ್ಟ್ ಅಲ್ಲ. ಆದ್ರೆ ಎರಡು ಲೆಕ್ಕ ತಾಳೆ ಆಗದೇ ಇದ್ದಾಗ ಕೂತು ನೋಡೋ ಅಭ್ಯಾಸ ಇದೆ. ಹಾಗೆ ಶುರುವಾಯ್ತು.

ಉಂಗುರ ಎಣಿಸಿದ್ರೆ ಆಯ್ತಲ್ವಾ?

ಶಾಲೆಯಲ್ಲಿ ಎಲ್ಲರೂ ಕಲಿತಿರ್ತೀವಿ: ಮರ ಕಡಿದ್ರೆ ಒಳಗೆ ಉಂಗುರಗಳು ಕಾಣುತ್ತೆ, ಒಂದು ಉಂಗುರಕ್ಕೆ ಒಂದು ವರ್ಷ. ಇದು ಸುಳ್ಳಲ್ಲ. ತೊಗಟೆಯ ಕೆಳಗೆ ಒಂದು ತೆಳು ಪದರ ಇರುತ್ತೆ. ಪ್ರತಿ ವರ್ಷ ಹೊಸ ಕಟ್ಟಿಗೆ ಕಟ್ಟೋದು ಅದೇ. ಬೆಳವಣಿಗೆ ಜೋರಾಗಿದ್ದಾಗ ಕಟ್ಟಿದ ಭಾಗ ತಿಳಿ, ನಿಧಾನವಾದಾಗ ಕಟ್ಟಿದ್ದು ಗಾಢ. ಎರಡೂ ಸೇರಿ ಒಂದು ಉಂಗುರ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಎ.ಇ. ಡಗ್ಲಸ್ ಅನ್ನೋ ಖಗೋಳ ವಿಜ್ಞಾನಿ ಇದನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದ್ರು.

ತೊಂದರೆ ಏನಂದ್ರೆ ಆ ಶಾಸ್ತ್ರ ಬೆಳೆದದ್ದು ಚಳಿ ದೇಶಗಳಲ್ಲಿ. ಅಲ್ಲಿ ಚಳಿಗಾಲ ಬಂತು ಅಂದ್ರೆ ಮರ ನಿದ್ದೆ ಮಾಡುತ್ತೆ, ವರ್ಷಕ್ಕೊಂದು ಗೆರೆ ಗ್ಯಾರಂಟಿ. ನಮ್ಮ ಕೋಲಾರ ಜಿಲ್ಲೆ ನೋಡಿ. ಮೇ ತಿಂಗಳಲ್ಲಿ ಒಂದೆರಡು ಜೋರು ಮಳೆ, ಆಮೇಲೆ ಬಾಯಿ ಬಿಟ್ಕೊಂಡು ಕಾಯೋದು, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ. ಮರ ಒಂದೇ ವರ್ಷದಲ್ಲಿ ಎರಡು ಸಲ ಚಿಗುರಿ ಎರಡು ಗೆರೆ ಹಾಕಬಹುದು. ಬರದ ವರ್ಷ ಗೆರೆಯೇ ಕಾಣದೇ ಹೋಗಬಹುದು. ತೇಗದಂಥ ಕೆಲವು ಮರಗಳು ನಮ್ಮಲ್ಲೂ ವರ್ಷದ ಗೆರೆಯನ್ನು ಚೆನ್ನಾಗಿ ಹಾಕ್ತವೆ. ಹಾಗಾಗಿ ಹಳೇ ಕಾಲದ ಮಳೆಯ ಲೆಕ್ಕ ಹಿಡಿಯೋಕೆ ವಿಜ್ಞಾನಿಗಳು ಕರ್ನಾಟಕ, ಕೇರಳದ ತೇಗವನ್ನ ಬಳಸಿದ್ದಾರೆ. ಬೇವು, ಹುಣಸೆ, ಆಲದಲ್ಲಿ ಅಷ್ಟು ಸುಲಭ ಇಲ್ಲ.

ಇನ್ನೊಂದು ಪ್ರಶ್ನೆ: ಬದುಕಿರೋ ಮರದ ಉಂಗುರ ನೋಡೋದು ಹೇಗೆ? ಕಡಿಯೋದು ಬೇಡ. ಟೊಳ್ಳಾದ ತಿರುಗುಳಿಯಂಥ ಒಂದು ಉಪಕರಣ ಇದೆ. ಕಾಂಡದೊಳಗೆ ತಿರುಗಿಸಿದ್ರೆ ಪೆನ್ಸಿಲ್‌ಗಿಂತ ಸಣ್ಣ, ಸುಮಾರು 5 ಮಿ.ಮೀ. ದಪ್ಪದ ಕಟ್ಟಿಗೆ ಕಡ್ಡಿ ಹೊರಗೆ ಬರುತ್ತೆ. ಅದರ ಮೇಲೆ ಗೆರೆ ಎಣಿಸ್ತಾರೆ. ಆದ್ರೆ ಅದೂ ಮರಕ್ಕೆ ಒಂದು ಗಾಯವೇ. ಅನುಮತಿ ಇಲ್ಲದೆ, ತಿಳಿದವರಿಲ್ಲದೆ ಮಾಡೋ ಕೆಲಸ ಅಲ್ಲ.

ಗಾಯದ ಮಾತು ಬಂತಲ್ಲ, ಒಂದು ಕಥೆ ಹೇಳ್ತೀನಿ. 1964ರಲ್ಲಿ ಅಮೆರಿಕದ ನೆವಾಡಾದಲ್ಲಿ ಡೊನಾಲ್ಡ್ ಕರಿ ಅನ್ನೋ ಸಂಶೋಧನಾ ವಿದ್ಯಾರ್ಥಿ ಬೆಟ್ಟದ ಮೇಲಿನ ಹಳೇ ಪೈನ್ ಮರಗಳ ವಯಸ್ಸು ಹುಡುಕ್ತಿದ್ದ. ಒಂದು ಮರವನ್ನ ಅರಣ್ಯ ಇಲಾಖೆಯ ಅನುಮತಿ ತಗೊಂಡೇ ಕಡಿಸಿದ. ಆಮೇಲೆ ಉಂಗುರ ಎಣಿಸಿದ್ರೆ 4,862! ಆ ಹೊತ್ತಿಗೆ ಗೊತ್ತಿದ್ದ ಮರಗಳಲ್ಲೇ ಅತಿ ಹಳೆಯದು. ಎಷ್ಟು ವರ್ಷ ಬದುಕಿದೆ ಅಂತ ಗೊತ್ತಾಗೋ ಹೊತ್ತಿಗೆ ಅದು ಬದುಕಿರಲಿಲ್ಲ. ಆ ಮರಕ್ಕೆ ಪ್ರೊಮಿಥಿಯಸ್ ಅಂತ ಹೆಸರು.

ಲ್ಯಾಬ್‌ಗೆ ಕಳಿಸಿದ್ರೆ?

ಕಾರ್ಬನ್ ಡೇಟಿಂಗ್ ಹೆಸರು ಕೇಳಿರ್ತೀರಿ. ಗಾಳಿಯಲ್ಲಿ ಕಾರ್ಬನ್-14 ಅನ್ನೋ ವಿಕಿರಣಶೀಲ ಕಾರ್ಬನ್ ಚೂರುಪಾರು ಇರುತ್ತೆ. ಮರ ಅದನ್ನ ಒಳಗೆ ತಗೊಂಡು ಕಟ್ಟಿಗೆ ಮಾಡುತ್ತೆ. ಕಟ್ಟಿಗೆ ಆದ ಮೇಲೆ ಹೊಸದು ಸೇರಲ್ಲ, ಇದ್ದದ್ದು ಕರಗ್ತಾ ಹೋಗುತ್ತೆ. 5,730 ವರ್ಷಕ್ಕೆ ಅರ್ಧ ಆಗುತ್ತೆ. ಎಷ್ಟು ಉಳಿದಿದೆ ಅಂತ ಅಳೆದ್ರೆ ಎಷ್ಟು ಹಳೆಯದು ಅಂತ ಗೊತ್ತಾಗುತ್ತೆ. ದೆಹಲಿ, ಅಹಮದಾಬಾದ್, ಲಕ್ನೋದಲ್ಲಿ ಇದಕ್ಕೆ ಸಂಸ್ಥೆಗಳಿವೆ.

ನಮ್ಮ ಸುತ್ತಮುತ್ತಲೇ ಉದಾಹರಣೆ ಇದೆ. ದೇವನಹಳ್ಳಿ ಹತ್ತಿರ ನಲ್ಲೂರಿನ ಹುಣಸೆ ತೋಪು. 2007ರಲ್ಲಿ ಅದನ್ನ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಿಸಿದ್ರು, ದೇಶದಲ್ಲೇ ಮೊದಲನೆಯದು. ಚೋಳರ ಕಾಲದ ತೋಪು ಅಂತ ಜನ ಹೇಳ್ತಾರೆ, ಅಂದ್ರೆ 800 ವರ್ಷದ ಮಾತು. ಕಾರ್ಬನ್ ಪರೀಕ್ಷೆಯಲ್ಲಿ ಅಲ್ಲಿನ ಒಂದು ಮರಕ್ಕೆ ಸಿಕ್ಕ ವಯಸ್ಸು ಸುಮಾರು 400 ವರ್ಷ. ಜನ ಹೇಳಿದ್ದಕ್ಕಿಂತ ಕಡಿಮೆ. ಹಾಗಂತ ಒಂದು ಹುಣಸೆ ಮರಕ್ಕೆ 400 ವರ್ಷ ಅಂದ್ರೆ ಸಣ್ಣ ಮಾತಲ್ಲ. ಹೈದರಾಬಾದ್‌ನ ಗೋಲ್ಕೊಂಡಾದಲ್ಲಿ ಒಂದು ದೈತ್ಯ ಬಾವೊಬಾಬ್ ಇದೆ. ನಮ್ಮ ಸವಣೂರಿನಲ್ಲಿ ದೊಡ್ಡ ಹುಣಸೆ ಮರ ಅಂತಾರಲ್ಲ, ಅದೇ ಜಾತಿ. ಆಡ್ರಿಯನ್ ಪತ್ರುತ್ ಅನ್ನೋ ರೊಮೇನಿಯಾದ ವಿಜ್ಞಾನಿಯ ತಂಡ ಗೋಲ್ಕೊಂಡಾ ಮರಕ್ಕೆ ಕೊಟ್ಟ ವಯಸ್ಸು ಸುಮಾರು 475 ವರ್ಷ, 50 ವರ್ಷ ಹೆಚ್ಚು ಕಡಿಮೆ. ಆ "ಹೆಚ್ಚು ಕಡಿಮೆ" ಅನ್ನೋದನ್ನ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಹಾಗಾದ್ರೆ ಕೆಜಿಎಫ್ ಮರಗಳಿಗೂ ಇದನ್ನೇ ಮಾಡಿಸಬಹುದಲ್ವಾ? ಇಲ್ಲೊಂದು ತಮಾಷೆ ಇದೆ. ಸುಮಾರು 1650ರಿಂದ 1950ರವರೆಗೆ ಗಾಳಿಯಲ್ಲಿನ ಕಾರ್ಬನ್-14 ಪ್ರಮಾಣ ಏರಿಳಿತ ಆಗ್ತಾನೇ ಇತ್ತು. ಹಾಗಾಗಿ ಆ ಕಾಲದ ಕಟ್ಟಿಗೆ ಅಳೆದ್ರೆ ಒಂದೇ ಉತ್ತರ ಬರಲ್ಲ. 1690 ಇರಬಹುದು, 1810 ಇರಬಹುದು, 1920 ಇರಬಹುದು ಅಂತ ಮೂರ್ನಾಲ್ಕು ಆಯ್ಕೆ ಕೊಡುತ್ತೆ, ಎಂಸಿಕ್ಯೂ ಥರ. ಕೆಜಿಎಫ್ ಹುಟ್ಟಿ ಬೆಳೆದದ್ದು ಇದೇ ಅವಧಿಯಲ್ಲಿ.

1950ರ ನಂತರ ಕಥೆ ಬದಲಾಯ್ತು. ಅಮೆರಿಕ, ರಷ್ಯಾ ಎಲ್ಲಾ ಸೇರಿ ಬಯಲಲ್ಲೇ ಅಣುಬಾಂಬ್ ಪರೀಕ್ಷೆ ಮಾಡಿದ್ರು. 1960ರ ದಶಕದ ಶುರುವಿನ ಹೊತ್ತಿಗೆ ಗಾಳಿಯಲ್ಲಿನ ಕಾರ್ಬನ್-14 ಹತ್ತಿರಹತ್ತಿರ ಎರಡು ಪಟ್ಟಾಯ್ತು. ಆ ಗುರುತು ಆಗ ಬೆಳೀತಿದ್ದ ಪ್ರತಿ ಮರದೊಳಗೂ ಕೂತಿದೆ. ನಮ್ಮಜ್ಜಿಯ ಬೇವಿನಲ್ಲೂ. ಹಾಗಾಗಿ 1955ರ ಆಮೇಲಿನ ಕಟ್ಟಿಗೆಯನ್ನ ಬಹಳ ನಿಖರವಾಗಿ ಹೇಳಬಹುದು. ಆದ್ರೆ ಅದಕ್ಕೆ ಮರದ ನಡುವಿನ ತಿರುಳಿನ ಚೂರು ಬೇಕು, ದುಡ್ಡು ಬೇಕು, ಸಮಯ ಬೇಕು. ಕೆಂಪು ನಂಬರ್ ಬಿದ್ದ ಮರಕ್ಕೆ ಸಮಯವೇ ಇಲ್ಲ.

ಹಾಗಾಗಿ ನಾನು ಹೋದದ್ದು ಹುರಿ ತಗೊಂಡು.

ಹುರಿ, ಟೇಪು, ಮತ್ತೆ ಪಕ್ಕದ ಮನೆ ಮರ

ಮರದ ಸುತ್ತಳತೆಯನ್ನ ಎಲ್ಲಿ ಬೇಕಾದ್ರೂ ಅಳೆಯೋ ಹಾಗಿಲ್ಲ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೀಬೇಕು. ಹಳೇ ಲೆಕ್ಕದಲ್ಲಿ ನಾಲ್ಕೂವರೆ ಅಡಿ, ಹೆಚ್ಚುಕಮ್ಮಿ ನಮ್ಮ ಎದೆ ಮಟ್ಟ. ನೆಲ ಇಳಿಜಾರಾಗಿದ್ರೆ ಮೇಲಿನ ಕಡೆ ನಿಂತು ಅಳೀಬೇಕು. ಅಲ್ಲಿ ಗಂಟು ಇದ್ರೆ ಸ್ವಲ್ಪ ಮೇಲೆ ಅಥವಾ ಕೆಳಗೆ, ಆದ್ರೆ ಎಲ್ಲಿ ಅಂತ ಬರೆದಿಡಬೇಕು. ಹಿಗ್ಗೋ ದಾರ ಬೇಡ. ಟೈಲರ್ ಟೇಪು ಒಂದೂವರೆ ಮೀಟರ್‌ಗೆ ಮುಗಿಯುತ್ತೆ, ನಮ್ಮ ಬೇವಿಗೆ ಅದು ಸಾಲಲಿಲ್ಲ. ಹುರಿ ಸುತ್ತಿ, ಗುರುತು ಹಾಕಿ, ನೆಲದ ಮೇಲೆ ಚಾಚಿ ಅಳೆದೆ. 186 ಸೆಂ.ಮೀ.

ಈಗ 186ನ್ನ ವರ್ಷ ಮಾಡೋದು ಹೇಗೆ? ಇಂಗ್ಲೆಂಡ್‌ನಲ್ಲಿ ಅಲನ್ ಮಿಚೆಲ್ ಅನ್ನೋ ಮರತಜ್ಞರ ಒಂದು ಪ್ರಸಿದ್ಧ ಸೂತ್ರ ಇದೆ: ಬಯಲಲ್ಲಿ ಒಂಟಿಯಾಗಿ ನಿಂತ ಮರ ವರ್ಷಕ್ಕೆ ಸುಮಾರು ಒಂದು ಇಂಚು, ಅಂದ್ರೆ ಎರಡೂವರೆ ಸೆಂ.ಮೀ. ಸುತ್ತಳತೆ ಬೆಳೆಯುತ್ತೆ. ಫೋನಲ್ಲಿ ಹುಡುಕಿದ್ರೆ ಇಂಥ ಕ್ಯಾಲ್ಕುಲೇಟರ್‌ಗಳು ಸಿಗ್ತವೆ, ಓಕ್‌ಗೆ ಇಷ್ಟು, ಮೇಪಲ್‌ಗೆ ಇಷ್ಟು ಅಂತ. ಆದ್ರೆ ಕೋಲಾರದ ಕೆಮ್ಮಣ್ಣಿಗೂ ಇಂಗ್ಲೆಂಡ್ ಮಣ್ಣಿಗೂ ಏನು ಸಂಬಂಧ? ಅಲ್ಲಿನ ದರ ಇಲ್ಲಿ ಹಾಕೋದು ಅಂದ್ರೆ ಲಂಡನ್ ಬಾಡಿಗೆ ನೋಡಿ ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ ಬಾಡಿಗೆಗೆ ಕೊಟ್ಟ ಹಾಗೆ.

ದರ ನಮ್ಮ ಬೀದಿಯಲ್ಲೇ ಸಿಗಬೇಕು. ಅದೇ ಜಾತಿಯ, ಅದೇ ಮಣ್ಣಿನ, ನೆಟ್ಟ ವರ್ಷ ಖಚಿತವಾಗಿ ಗೊತ್ತಿರೋ ಮರ ಬೇಕು.

ಮೊದಲನೇದು ಪಕ್ಕದ ಸಾಲಿನಲ್ಲೇ ಸಿಕ್ತು. ಕೆಜಿಎಫ್‌ನಲ್ಲಿ ಯಾರೂ ಮರೆಯದ ಒಂದು ತಾರೀಖು ಇದೆ: 28 ಫೆಬ್ರವರಿ 2001. ಬಿಜಿಎಂಎಲ್ ಗಣಿ ಮುಚ್ಚಿದ ದಿನ. ಆ ವರ್ಷ ಮನೆಯಲ್ಲೇ ಕೂರೋ ಹಾಗಾದ ಪಕ್ಕದ ಮನೆ ದೊಡ್ಡಪ್ಪ ಒಬ್ಬರು, "ಕೈಗೆ ಕೆಲಸ ಬೇಕಲ್ಲಮ್ಮ" ಅಂತ ಒಂದು ಬೇವಿನ ಸಸಿ ನೆಟ್ಟಿದ್ರು. ಅದಕ್ಕೀಗ 24 ವರ್ಷ. ಸುತ್ತಳತೆ 72 ಸೆಂ.ಮೀ. ವರ್ಷಕ್ಕೆ 3 ಸೆಂ.ಮೀ. ಆಯ್ತು.

ಬಿ.ಕಾಂ. ಓದಿದವರಿಗೆ ಸ್ಟ್ರೈಟ್ ಲೈನ್ ಮೆಥಡ್ ಗೊತ್ತಲ್ವಾ? ಪ್ರತಿ ವರ್ಷ ಅಷ್ಟೇ ಮೊತ್ತದ ಸವಕಳಿ. ಅದೇ ಥರ 186ನ್ನ 3ರಿಂದ ಭಾಗಿಸಿದ್ರೆ 62 ವರ್ಷ.

ಪಟ್ಟಿಯಲ್ಲಿದ್ದ 30 ಇಲ್ಲೇ ಬಿದ್ದುಹೋಯ್ತು. 30 ವರ್ಷದಲ್ಲಿ 186 ಸೆಂ.ಮೀ. ಆಗಬೇಕಂದ್ರೆ ವರ್ಷಕ್ಕೆ 6 ಸೆಂ.ಮೀ.ಗಿಂತ ಹೆಚ್ಚು ಬೆಳೀಬೇಕು, ಪಕ್ಕದ ಮರದ ಎರಡು ಪಟ್ಟು. ಅದೇ ಮಣ್ಣು, ಅದೇ ಮಳೆ, ಇಬ್ಬರ ಮನೆಯದ್ದೂ ಪಾತ್ರೆ ತೊಳೆದ ಅದೇ ನೀರು. ಹೇಗೆ ಸಾಧ್ಯ?

ಆದ್ರೆ 62 ಕೂಡ ಪೂರ್ತಿ ಸರಿ ಅಲ್ಲ. ಎಳೇ ಮರ ಬೇಗ ದಪ್ಪ ಆಗುತ್ತೆ, ವಯಸ್ಸಾದ ಹಾಗೆ ನಿಧಾನ. ಯಾಕಂದ್ರೆ ಎಲೆಗಳು ಮಾಡೋ ಊಟ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತೆ, ಕಾಂಡ ಮಾತ್ರ ದೊಡ್ಡದಾಗ್ತಾ ಹೋಗುತ್ತೆ. ಅಷ್ಟೇ ಸಾರು, ಪಾತ್ರೆ ದೊಡ್ಡದು: ಪದರ ತೆಳ್ಳಗಾಗುತ್ತೆ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ ಇದು ರಿಟನ್ ಡೌನ್ ವ್ಯಾಲ್ಯೂ ಮೆಥಡ್, ವರ್ಷ ಕಳೆದ ಹಾಗೆ ಮೊತ್ತ ಇಳಿಯುತ್ತೆ.

ಹಾಗಾಗಿ ಎರಡನೇ ಮರ ಬೇಕಿತ್ತು, ಇನ್ನೂ ಹಳೆಯದು. ಎರಡು ಬೀದಿ ಆಚೆ ಒಂದು ಮನೆಯಲ್ಲಿ ಸಿಕ್ತು. ಆ ಮನೆ ಮಗ ಹುಟ್ಟಿದ ವರ್ಷ ನೆಟ್ಟದ್ದು, 1980. ಮಗನ ಜನನ ಪ್ರಮಾಣಪತ್ರ ಇದೆ, ಮರದ್ದೂ ಅದೇ ಅಂತ ಅಂದ್ಕೊಳ್ಳಿ. 45 ವರ್ಷಕ್ಕೆ 126 ಸೆಂ.ಮೀ. ಅಂದ್ರೆ 24ರಿಂದ 45 ವರ್ಷದ ನಡುವೆ 21 ವರ್ಷದಲ್ಲಿ ಬೆಳೆದದ್ದು 54 ಸೆಂ.ಮೀ., ವರ್ಷಕ್ಕೆ ಸುಮಾರು 2.6. ನೋಡಿ, ದರ 3ರಿಂದ ಇಳೀತು.

ಈಗ 126ರಿಂದ 186ಕ್ಕೆ ಹೋಗೋಣ. ಇನ್ನು 60 ಸೆಂ.ಮೀ. ಉಳೀತು. 2.6ರ ದರದಲ್ಲೇ ಹೋದ್ರೆ ಇನ್ನೊಂದು 23 ವರ್ಷ, ಒಟ್ಟು 68. ದರ ಇನ್ನೂ ಇಳಿದು 2 ಆಗಿದ್ರೆ 30 ವರ್ಷ, ಒಟ್ಟು 75. ಅಂದ್ರೆ ನಮ್ಮ ಬೇವಿಗೆ 68ರಿಂದ 75ರ ಆಸುಪಾಸು. ಎರಡೇ ಮರದ ಮೇಲೆ ನಿಂತ ಲೆಕ್ಕ ಇದು, ಹಾಗಾಗಿ ಆ ಕಡೆ ಈ ಕಡೆ ಐದು ವರ್ಷ ಬಿಟ್ಕೊಳ್ಳಿ. ಗೋಲ್ಕೊಂಡಾದಲ್ಲಿ ಅಷ್ಟು ದೊಡ್ಡ ಲ್ಯಾಬೇ 50 ವರ್ಷ ಹೆಚ್ಚು ಕಡಿಮೆ ಅಂತ ಬರೀತು, ನಮ್ಮ ಹುರಿ ಐದು ವರ್ಷ ಅಂದ್ರೆ ನಾಚಿಕೆ ಪಡೋದೇನಿಲ್ಲ.

ಫೋಟೋದಲ್ಲಿ ಒರಗಿದ್ದ ಸೈಕಲ್

ಇಷ್ಟಾದ ಮೇಲೆ ಅಜ್ಜಿಯ ಟ್ರಂಕ್ ತೆಗೆದೆವು. ಅದರಲ್ಲಿ 1983ರ ಒಂದು ಫೋಟೋ, ಅತ್ತೆಯ ಮದುವೆಯದ್ದು. ಚಪ್ಪರದ ಒಂದು ಹಗ್ಗ ನಮ್ಮ ಬೇವಿಗೇ ಕಟ್ಟಿದೆ. ಮರಕ್ಕೆ ಯಾರದ್ದೋ ಸೈಕಲ್ ಒರಗಿಸಿದೆ.

ಈ ಸೈಕಲ್ ಬಹಳ ಉಪಕಾರ ಮಾಡ್ತು. ಹಳೇ ದೊಡ್ಡ ಸೈಕಲ್‌ನ ಚಕ್ರ 28 ಇಂಚು, ಅಂದ್ರೆ ಸುಮಾರು 71 ಸೆಂ.ಮೀ. ಮರಕ್ಕೆ ತಾಗಿಕೊಂಡೇ ಇರೋದ್ರಿಂದ ಎರಡೂ ಕ್ಯಾಮೆರಾದಿಂದ ಒಂದೇ ದೂರದಲ್ಲಿವೆ. ಫೋಟೋದಲ್ಲಿ ಚಕ್ರ 17 ಮಿ.ಮೀ., ಕಾಂಡ 6 ಮಿ.ಮೀ. ತ್ರೈರಾಶಿ ಹಾಕಿದ್ರೆ ಕಾಂಡದ ದಪ್ಪ 25 ಸೆಂ.ಮೀ. 3.14ರಿಂದ ಗುಣಿಸಿದ್ರೆ ಸುತ್ತಳತೆ 78 ಸೆಂ.ಮೀ. ಚಿಲ್ಲರೆ. ಪಕ್ಕದ ದೊಡ್ಡಪ್ಪನ 24 ವರ್ಷದ ಮರ 72 ಇತ್ತು. ಹಾಗಾದ್ರೆ 1983ರಲ್ಲಿ ನಮ್ಮದಕ್ಕೆ 26, 27 ವರ್ಷ ಇರಬೇಕು. ಹಿಂದಕ್ಕೆ ಹೋದ್ರೆ 1956, 57.

ಫೋಟೋದಲ್ಲಿ ಒಂದು ಮಿ.ಮೀ. ತಪ್ಪಾಗಿ ಅಳೆದಿದ್ರೆ ನಾಲ್ಕೈದು ವರ್ಷ ವ್ಯತ್ಯಾಸ ಆಗುತ್ತೆ, ಅದನ್ನೂ ಹೇಳಿಬಿಡ್ತೀನಿ. ಆದ್ರೆ ಒಂದು ಮಾತಂತೂ ಗಟ್ಟಿ: 1983ರಲ್ಲಿ ಚಪ್ಪರದ ಹಗ್ಗ ತಡೆಯೋಷ್ಟು ದಪ್ಪ ಇದ್ದ ಮರಕ್ಕೆ 2025ರಲ್ಲಿ 30 ವರ್ಷ ಆಗಿರೋಕೆ ಸಾಧ್ಯವೇ ಇಲ್ಲ. ಇದಕ್ಕೆ ಯಾವ ವಿಜ್ಞಾನವೂ ಬೇಡ.

ಕೊನೆಗೆ, ಮೊದಲೇ ಕೇಳಬೇಕಿದ್ದ ಪ್ರಶ್ನೆ ಕೇಳಿದೆ. "ಅಜ್ಜಿ, ಯಾವಾಗ ನೆಟ್ಟಿದ್ದು?"

"ಇಸವಿ ಎಲ್ಲಾ ನನಗೆಲ್ಲಿ ಗೊತ್ತಮ್ಮ. ಮೈನು ದೊರೆಗಳ ಕೈಯಿಂದ ಮೈಸೂರು ಸರ್ಕಾರಕ್ಕೆ ಬಂತಲ್ಲ, ಆಗ ನಾನು ಹೊಸದಾಗಿ ಮದುವೆಯಾಗಿ ಬಂದಿದ್ದೆ. ನಿಮ್ಮ ತಾತನಿಗೆ ಈ ಮನೆ ಸಿಕ್ತು. ಬಾಗಿಲಲ್ಲಿ ಒಂದು ನೆರಳಿರಲಿಲ್ಲ. ಮುಂದಿನ ಮಳೆಗೆ ನೆಟ್ಟೆ" ಅಂದಳು.

ನಾನು ಫೋನ್ ತೆಗೆದು ನೋಡಿದೆ. ಜಾನ್ ಟೇಲರ್ ಕಂಪನಿ ಕೆಜಿಎಫ್‌ಗೆ ಬಂದದ್ದು 1880ರಲ್ಲಿ. ಗಣಿಗಳನ್ನ ಮೈಸೂರು ರಾಜ್ಯ ಸರ್ಕಾರ ವಹಿಸಿಕೊಂಡದ್ದು 1956ರಲ್ಲಿ. ಕೇಂದ್ರ ಸರ್ಕಾರಕ್ಕೆ ಹೋದದ್ದು 1962ರಲ್ಲಿ. ಬಿಜಿಎಂಎಲ್ ಆದದ್ದು 1972ರಲ್ಲಿ. ಅಂದ್ರೆ ಅಜ್ಜಿ ಮರ ನೆಟ್ಟಿದ್ದು 1956ರಲ್ಲೋ 57ರಲ್ಲೋ. ಈಗ 68, 69 ವರ್ಷ.

ಹುರಿ, ಫೋಟೋ, ಅಜ್ಜಿ. ಮೂರೂ ಒಂದಕ್ಕೊಂದು ಗೊತ್ತಿಲ್ಲದ ಸಾಕ್ಷಿಗಳು, ಮೂರೂ ಹತ್ತಿರ ಹತ್ತಿರ ಒಂದೇ ಮಾತು ಹೇಳಿದ್ವು. ಆಡಿಟ್‌ನಲ್ಲಿ ಇಂಥದ್ದು ಸಿಕ್ಕಿದ್ರೆ ನೆಮ್ಮದಿಯಾಗಿ ಸಹಿ ಹಾಕಬಹುದು.

ಇನ್ನೊಂದು ತಾಳೆಯಾಗದ ಲೆಕ್ಕ ಅಲ್ಲೇ ಸಿಕ್ತು. ಅಜ್ಜಿಯ ಆಧಾರ್ ಕಾರ್ಡ್‌ನಲ್ಲಿ ಹುಟ್ಟಿದ ದಿನ 01-01-1945. ಗೊತ್ತಿಲ್ಲದವರಿಗೆಲ್ಲಾ ಜನವರಿ ಒಂದು ಅಂತ ಹಾಕ್ತಾರಲ್ಲ, ಅದೇ. ಆ ಲೆಕ್ಕದಲ್ಲಿ ಅಜ್ಜಿ ಮದುವೆಯಾಗಿ ಬಂದಾಗ 11 ವರ್ಷ. "ಹದಿನಾರು ತುಂಬಿತ್ತು ಕಣೇ ನನಗೆ, ತುಂಬಿದ ಕೊಡ ಎರಡು ಹೊತ್ತು ತರ್ತಿದ್ದೆ" ಅಂತ ಅಜ್ಜಿ ರೇಗಿದಳು. ಹಾಗಾದ್ರೆ ಅಜ್ಜಿಗೆ 80 ಅಲ್ಲ, 85. ಮರದ ವಯಸ್ಸು ಹುಡುಕೋಕೆ ಹೋಗಿ ಅಜ್ಜಿಯ ವಯಸ್ಸು ಸಿಕ್ತು.

ಮುನ್ನೂರು ವರ್ಷದ ಮಳೆ ಮರ?

ಪಟ್ಟಿಯವರು ಕಡಿಮೆ ಹೇಳ್ತಾರೆ ಅಂತ ಬೈತಿದ್ದೀನಿ, ಆದ್ರೆ ನಾವೂ ಕಡಿಮೆಯಿಲ್ಲ, ಜಾಸ್ತಿ ಹೇಳ್ತೀವಿ. ಕೆಜಿಎಫ್‌ನ ಹಳೇ ಬಂಗಲೆಗಳ ಕಡೆ ದೊಡ್ಡ ಮಳೆ ಮರ ಕಂಡ್ರೆ ಯಾರಾದ್ರೂ ಒಬ್ಬರು "ಇದಕ್ಕೆ ಮುನ್ನೂರು ವರ್ಷ" ಅಂದೇ ಅಂತಾರೆ. ಸಾಧ್ಯವಿಲ್ಲ. ಯಾಕೆ ಗೊತ್ತಾ? ಮಳೆ ಮರ ನಮ್ಮ ದೇಶದ್ದೇ ಅಲ್ಲ. ಅದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ನಮ್ಮ ಕಡೆ ಬಂದದ್ದು ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದಲ್ಲಿ. ಎಷ್ಟೇ ದಪ್ಪ ಇದ್ರೂ ಮುನ್ನೂರು ಆಗಲ್ಲ, ನೂರೈವತ್ತರ ಒಳಗೇ ಅಂತ ಇಟ್ಕೊಳ್ಳಿ. ಗುಲ್‌ಮೊಹರ್ ಕೂಡ ಹಾಗೇ, ಅದು ಮಡಗಾಸ್ಕರ್‌ನಿಂದ ಬಂದದ್ದು. ಟಿಪ್ಪು ಕಾಲದ ಗುಲ್‌ಮೊಹರ್ ಅಂತ ಯಾರಾದ್ರೂ ಹೇಳಿದ್ರೆ ನಗುತ್ತಾ ಕೇಳಿಸ್ಕೊಳ್ಳಿ.

ಇದು ಅಳತೆ ಇಲ್ಲದ ವಿಧಾನ: ಆ ಜಾತಿ ಊರಿಗೆ ಯಾವಾಗ ಬಂತು, ಆ ರಸ್ತೆ ಯಾವಾಗ ಹಾಕಿದ್ರು, ಆ ಕಟ್ಟಡ ಯಾವಾಗ ಕಟ್ಟಿದ್ರು ಅಂತ ನೋಡೋದು. ರಸ್ತೆ ಅಂಚಿನಲ್ಲಿ ಸರಿಯಾದ ಅಂತರದಲ್ಲಿ ಸಾಲಾಗಿ ನಿಂತ ಮರಗಳಿದ್ರೆ ಅವು ರಸ್ತೆಗಿಂತ ಹಳೆಯವು ಆಗೋದು ಅಪರೂಪ. ಇದರಿಂದ ಸರಿಯಾದ ವಯಸ್ಸು ಸಿಗಲ್ಲ, ಆದ್ರೆ ಗರಿಷ್ಠ ಮಿತಿ ಸಿಗುತ್ತೆ. ಹಳೇ ಫೋಟೋ ಕನಿಷ್ಠ ಮಿತಿ ಕೊಡುತ್ತೆ. ಎರಡರ ನಡುವೆ ಸುತ್ತಳತೆಯ ಲೆಕ್ಕ ಕೂರಿಸೋದು.

ಆಲದ ಮರಕ್ಕೆ ಮಾತ್ರ ಈ ಹುರಿ ಕೆಲಸ ಮಾಡಲ್ಲ. ಆಲ ಬಿಳಲು ಬಿಡುತ್ತೆ, ಬಿಳಲೇ ಕಾಂಡ ಆಗುತ್ತೆ. ಬೆಂಗಳೂರಿನ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ 400 ವರ್ಷ ಅಂತಾರೆ, ಸುಮಾರು ಮೂರು ಎಕರೆ ಹರಡಿದೆ. ಆದ್ರೆ ಅದರ ಮೂಲ ಕಾಂಡವೇ ರೋಗ ಬಂದು ಹೋಗಿದೆ. ಈಗ ಇರೋದೆಲ್ಲಾ ಮಕ್ಕಳು, ಮೊಮ್ಮಕ್ಕಳು. ನಮ್ಮ ಗಡಿಯಾಚೆ ಕದಿರಿ ಹತ್ತಿರದ ತಿಮ್ಮಮ್ಮ ಮರ್ರಿಮಾನು ಇನ್ನೂ ದೊಡ್ಡದು, ಗಿನ್ನೆಸ್ ದಾಖಲೆ ಸೇರಿದ ಆಲ. ಅದರ ವಯಸ್ಸನ್ನೂ ಹೇಳೋದು ತಿಮ್ಮಮ್ಮನ ಕಥೆಯಿಂದಲೇ. ಅಲ್ಲಿ ಯಾವ ಕಾಂಡಕ್ಕೆ ಅಂತ ಹುರಿ ಸುತ್ತೋದು?

ವಯಸ್ಸು ಗೊತ್ತಾದ್ರೆ ಏನಾಗುತ್ತೆ?

ಇಷ್ಟೆಲ್ಲಾ ಮಾಡಿ ಏನು ಪ್ರಯೋಜನ ಅಂತ ನನ್ನ ಫ್ರೆಂಡ್ ಕೇಳಿದ. ನ್ಯಾಯವಾದ ಪ್ರಶ್ನೆ.

ನಮ್ಮಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಅಂತ ಇದೆ. ಅದರ ಪ್ರಕಾರ ಮರ ಕಡಿಯೋಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಒಂದೇ ಯೋಜನೆಗೆ 50ಕ್ಕಿಂತ ಹೆಚ್ಚು ಮರ ಹೋಗೋದಾದ್ರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. 69 ವರ್ಷ ಆದ ಮಾತ್ರಕ್ಕೆ ಕಡಿಯೋ ಹಾಗಿಲ್ಲ ಅಂತ ಕಾಯ್ದೆ ಹೇಳಲ್ಲ. ಆದ್ರೆ ಕಡಿಯೋ ನಿರ್ಧಾರ ಮಾಡೋ ಟೇಬಲ್ ಮೇಲೆ ಹೋಗೋದು ಆ ಪಟ್ಟಿ. ಎಲ್ಲಾ ಮರಕ್ಕೂ 30 ಅಂತ ಬರೆದ್ರೆ, ಓದೋರಿಗೆ ಅನ್ನಿಸೋದು ಏನು? ಒಂದು ಕಡಿದು ಹತ್ತು ನೆಟ್ರಾಯ್ತು, ಮೂವತ್ತೇ ವರ್ಷದಲ್ಲಿ ಇಷ್ಟು ಆಗುತ್ತಲ್ಲ ಅಂತ. ಆಗಲ್ಲ. ನಮ್ಮ ಬೀದಿಯ ಲೆಕ್ಕದಲ್ಲಿ ಇವತ್ತು ನೆಟ್ಟ ಸಸಿ ಅಜ್ಜಿಯ ಬೇವಿನಷ್ಟು ಆಗೋದು ಸುಮಾರು 2095ಕ್ಕೆ. ಅವತ್ತಿಗೆ ಈ ಪಾಡ್‌ಕಾಸ್ಟ್ ಕೇಳ್ತಿರೋ ನಾವೆಲ್ಲಾ ಇದ್ರೆ ತೊಂಬತ್ತು ದಾಟಿರ್ತೀವಿ.

ಕೆಜಿಎಫ್‌ನಲ್ಲಿ ಇನ್ನೊಂದು ವಿಷಯ ಇದೆ. ಇಲ್ಲಿ ನೆಲದಡಿ ಮೂರು ಕಿಲೋಮೀಟರ್‌ಗಿಂತ ಆಳ ಇಳಿದು ಚಿನ್ನ ತೆಗೆದ್ರು. ತೆಗೆದ ಚಿನ್ನಕ್ಕೆ ಗ್ರಾಂ ಲೆಕ್ಕದಲ್ಲಿ ದಾಖಲೆ ಇಟ್ರು. ಉಳಿದ ಮಣ್ಣು ಸೈನೈಡ್ ಗುಡ್ಡ ಆಗಿ ನಿಂತಿದೆ, ಅದೂ ಲೆಕ್ಕದಲ್ಲಿದೆ. ಲೈನ್ ಮನೆಗಳಲ್ಲಿ ಬದುಕಿದ ಜನ ತಮ್ಮ ಕೈಯಾರೆ ಬೆಳೆಸಿದ್ದು ಅಂದ್ರೆ ಈ ಮರಗಳು. ಅವುಗಳ ಲೆಕ್ಕವನ್ನ ಯಾರೂ ಇಟ್ಟಿಲ್ಲ. ಹಾಗಾಗಿ ಯಾರೋ ಬಂದು ನಡ್ಕೊಂಡು ಹೋಗ್ತಾ 30 ಅಂತ ಬರೆದ್ರೆ ಇಲ್ಲ ಅನ್ನೋಕೆ ನಮ್ಮ ಹತ್ರ ಒಂದು ಚೀಟಿಯೂ ಇರಲ್ಲ.

ಈಗ ಒಂದು ಚೀಟಿ ಇದೆ. ಅಳತೆ, ತಾರೀಖು, ಹೋಲಿಸಿದ ಎರಡು ಮರ, ಫೋಟೋದ ಪ್ರತಿ, ಅಜ್ಜಿಯ ಹೇಳಿಕೆ, ಕೆಳಗೆ ಅಜ್ಜಿಯ ಹೆಬ್ಬೆಟ್ಟು, ಎಲ್ಲಾ ಸೇರಿಸಿ ಆಕ್ಷೇಪಣೆ ಕೊಟ್ಟು ಬಂದ್ವಿ. ಸ್ವೀಕೃತಿ ಮುದ್ರೆ ಹಾಕಿಸ್ಕೊಂಡೇ ಬಂದೆ. ಉತ್ತರ ಇನ್ನೂ ಬಂದಿಲ್ಲ. ಕೆಂಪು ನಂಬರ್ ಮರದ ಮೇಲೆ ಇನ್ನೂ ಇದೆ. ಅಜ್ಜಿ ಅದರ ಪಕ್ಕದಲ್ಲೇ ಅರಿಶಿನ ಕುಂಕುಮ ಹಚ್ಚಿದ್ದಾಳೆ.

ನೀವು ಮಾಡಬೇಕಾದ್ದು

ಈ ವಾರ ಒಂದೇ ಒಂದು ಕೆಲಸ ಮಾಡಿ. ನಿಮ್ಮ ಮನೆ, ಬೀದಿ, ಶಾಲೆ ಹತ್ತಿರದ ಒಂದು ಮರ ಆರಿಸ್ಕೊಳ್ಳಿ. ಎದೆ ಮಟ್ಟದಲ್ಲಿ ಹುರಿ ಸುತ್ತಿ ಅಳೆಯಿರಿ. ಜಾತಿ, ಜಾಗ, ತಾರೀಖು, ಸುತ್ತಳತೆ ಬರೆದಿಡಿ. ಬೇರು ಕೀಳೋದು, ಮೊಳೆ ಹೊಡೆಯೋದು, ತೊಗಟೆ ಕೆತ್ತೋದು ಬೇಡ. ಆಮೇಲೆ ಅದೇ ಜಾತಿಯ, ನೆಟ್ಟ ವರ್ಷ ಗೊತ್ತಿರೋ ಇನ್ನೊಂದು ಮರ ಹುಡುಕಿ. ಶಾಲೆ ಉದ್ಘಾಟನೆಗೆ ನೆಟ್ಟದ್ದು, ಮಗು ಹುಟ್ಟಿದಾಗ ನೆಟ್ಟದ್ದು, ಯಾರದ್ದೋ ನೆನಪಿಗೆ ನೆಟ್ಟದ್ದು, ಎಲ್ಲಾ ಊರಲ್ಲೂ ಒಂದಾದ್ರೂ ಇರುತ್ತೆ. ಅಂಥ ಮರ ಸಿಗಲೇ ಇಲ್ವಾ? ಮುಂದಿನ ವರ್ಷ ಅದೇ ತಿಂಗಳು, ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಎರಡು ಅಳತೆಯ ವ್ಯತ್ಯಾಸವೇ ಆ ಮರದ ಈಗಿನ ದರ. ಮೂರ್ನಾಲ್ಕು ವರ್ಷ ಮಾಡಿದ್ರೆ ಆ ದರ ಇನ್ನೂ ಗಟ್ಟಿಯಾಗುತ್ತೆ.

ಎಲ್ಲಕ್ಕಿಂತ ಮೊದಲು ಮನೆಯಲ್ಲಿ ವಯಸ್ಸಾದವರಿದ್ರೆ ಅವರನ್ನ ಕೇಳಿ. ಇಸವಿ ಕೇಳಬೇಡಿ, ಅವರಿಗೆ ನೆನಪಿರಲ್ಲ. ಆಗ ಊರಲ್ಲಿ ಏನಾಗಿತ್ತು ಅಂತ ಕೇಳಿ. ಯಾವ ಬರ, ಯಾವ ಮದುವೆ, ಯಾವ ಮುಷ್ಕರ. ಇಸವಿಯನ್ನ ನೀವು ಹುಡುಕ್ಕೊಳ್ಳಿ. ನಾನು ಕೊನೆಗೆ ಕೇಳಿದ್ದನ್ನ ನೀವು ಮೊದಲು ಕೇಳಿ. ಹುರಿ ಇನ್ನೊಂದು ವರ್ಷ ಕಾಯುತ್ತೆ, ಅವರು ಕಾಯ್ತಾರೆ ಅಂತ ಹೇಳೋಕಾಗಲ್ಲ.

ಶುರುವಿನಲ್ಲಿ ಕಿಟಕಿಯಿಂದ ನೋಡಿ ಒಂದು ನಂಬರ್ ಅಂದ್ಕೊಂಡಿದ್ರಲ್ಲ? ಅದನ್ನ ಸದ್ಯಕ್ಕೆ ಪೆನ್ಸಿಲ್‌ನಲ್ಲೇ ಬರೆದಿಟ್ಕೊಳ್ಳಿ.

ನಮ್ಮ ಬೇವಿನ ವಿಷಯ ಏನಾಯ್ತು ಅಂತ ಉತ್ತರ ಬಂದ ದಿನ ಹೇಳ್ತೀನಿ.